ಅಟ್ಟದಿಂದ ಇಳಿದ ಪುಸ್ತಕಗಳು

ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ಕಲಿತದ್ದು. ಈಗಲೂ ಕೈ ತಾನಾಗೇ ಹೋಗುತ್ತದೆ. ನವರಾತ್ರಿ ಬಂದರೆ ಸರಸ್ವತಿ ಪೂಜೆಗೆ ಮಣೆಯ ಮೇಲೆ ಪುಸ್ತಕ ಜೋಡಿಸುತ್ತೇವೆ. ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ ಕೈ ಮುಗಿಯುತ್ತೇವೆ. ವಿಜಯದಶಮಿಯವರೆಗೆ ಅವನ್ನು ತೆಗೆಯುವ ಹಾಗಿಲ್ಲ. ಇಷ್ಟು ಮರ್ಯಾದೆ ಇರುವ ಮನೆಯಲ್ಲೇ ನೂರಾರು ಪುಸ್ತಕಗಳು ವರ್ಷಗಟ್ಟಲೆ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿರುತ್ತವೆ. ಯಾರೂ ಓದುವುದಿಲ್ಲ. ಯಾರಿಗೂ ಕೊಡುವುದೂ ಇಲ್ಲ. ಕೇಳಿದರೆ "ಸರಸ್ವತಿ ಅಲ್ವಾ, ಹೇಗೆ ಆಚೆ ಹಾಕೋದು" ಅನ್ನುತ್ತಾರೆ. ಈ ಭಕ್ತಿಯಿಂದ ಪುಸ್ತಕಕ್ಕೆ ಏನು ಸಿಕ್ಕಿತು ಅನ್ನುವ ಪ್ರಶ್ನೆ ಈ ವರ್ಷ ನನ್ನನ್ನು ಬಿಡದೆ ಕಾಡಿದೆ.

ಪ್ರಶ್ನೆ ಸುಮ್ನೆ ಹುಟ್ಟಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಮಹಡಿ ಹತ್ತುವುದು ನಿಂತುಹೋಯಿತು. ತುಮಕೂರಿನಲ್ಲಿ ಓದಲು ಬರುವ ಮಕ್ಕಳಿಗೇನೂ ಬರವಿಲ್ಲ. ಇಂಜಿನಿಯರಿಂಗ್, ಮೆಡಿಕಲ್, ಯೂನಿವರ್ಸಿಟಿ ಅಂತ ಎಲ್ಲೆಲ್ಲಿಂದಲೋ ಬರುತ್ತಾರೆ, ರೂಮು ಕೇಳಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಾರೆ. ಮೇಲಿನ ರೂಮು ಬಾಡಿಗೆಗೆ ಕೊಡೋಣ ಅಂತ ಅಮ್ಮನೇ ಹೇಳಿದಳು. ರೂಮು ಖಾಲಿ ಮಾಡುವುದು ಅಂದರೆ ಅದರ ಅಟ್ಟ, ಬೀರು, ಮಂಚದ ಕೆಳಗಿನ ಟ್ರಂಕು ಎಲ್ಲವನ್ನೂ ಇಳಿಸುವುದು. ತಮ್ಮ ದೂರದ ಊರಿನಲ್ಲಿದ್ದಾನೆ. "ನೀನು ಏನು ಮಾಡಿದರೂ ಸರಿ ಅಕ್ಕ" ಅಂದ. ಕೆಲಸ ನನ್ನ ಪಾಲಿಗೆ ಬಂತು.

ಇಳಿದದ್ದು ಏನೇನು

ಮೊದಲು ಇಳಿದದ್ದು ಅಜ್ಜಿ ಹೊಲಿದ ಧಾರಾವಾಹಿಗಳು. 1965ರಲ್ಲಿ ಸುಧಾ ವಾರಪತ್ರಿಕೆ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ವಾರ ವಾರ ಕಾದಂಬರಿಯ ಪುಟ ಕತ್ತರಿಸಿ ಎತ್ತಿಡುವುದು, ಮುಗಿದ ಮೇಲೆ ಒಟ್ಟು ಮಾಡಿ ದಬ್ಬಳದಲ್ಲಿ ಹೊಲಿಯುವುದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಮೈದಾ ಅಂಟು ಬಳಿಯುವುದು. ಪುಸ್ತಕ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದ ಹೆಂಗಸರು ತಾವೇ ಕಟ್ಟಿಕೊಂಡ ಲೈಬ್ರರಿ ಅದು. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಒಂದು ಕಟ್ಟಿನಲ್ಲಿ ಒಂದು ಕಂತು ಇಲ್ಲ. ಅದರ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆ ಸೇರಿಸಿ ಹೊಲಿದಿದ್ದಾಳೆ. "ಈ ವಾರದ್ದು ಸಿಗಲಿಲ್ಲ. ಪಕ್ಕದ ಮನೆಯಲ್ಲಿ ಓದಿದೆ. ಮದುವೆ ಮುರಿಯಿತು" ಅಂತ ಬರೆದಿದ್ದಾಳೆ. ಮುಂದೆ ಓದುವವರಿಗೆ ಕಥೆ ತಪ್ಪಬಾರದು ಅಂತ.

ಆಮೇಲೆ ಚಂದಮಾಮಗಳು, ನನ್ನ ಪಿಯುಸಿ ಗೈಡುಗಳು, ತಮ್ಮನ ಕ್ರಿಕೆಟ್ ಚಿತ್ರಗಳ ಪುಸ್ತಕ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು, ಓಡದ ಟೇಪ್ ರೆಕಾರ್ಡರಿನ ಕ್ಯಾಸೆಟ್ಟುಗಳು, ಕೆಟ್ಟ ರೇಡಿಯೋ, ಒಂದರ ಮೇಲೊಂದು ಪಂಚಾಂಗ. ಇಲ್ಲಿ ಒಂದು ಮಾತು ಹೇಳಲೇಬೇಕು. ಒಂದು ಪಂಚಾಂಗದ ನಡುವೆ ತಾತ ಬರೆಸಿದ್ದ ಜಮೀನಿನ ವಿಭಾಗಪತ್ರದ ನಕಲು ಸಿಕ್ಕಿತು. ಪಹಣಿ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ ಅಂತ ಹಳೇ ಪತ್ರಗಳಿಗೆ ಬೆಲೆಯಿಲ್ಲ ಅಂದುಕೊಳ್ಳಬೇಡಿ. ಜಮೀನು ಯಾರಿಂದ ಯಾರಿಗೆ ಹೇಗೆ ಬಂತು ಅಂತ ತೋರಿಸುವುದು ಕ್ರಯಪತ್ರ, ವಿಭಾಗಪತ್ರಗಳೇ. ಗುಜರಿಯವನನ್ನು ಕರೆಯುವ ಮುಂಚೆ ಒಂದೊಂದು ಪುಸ್ತಕವನ್ನೂ ಬೆನ್ನು ಹಿಡಿದು, ತಲೆಕೆಳಗು ಮಾಡಿ ಜಾಡಿಸಿ ನೋಡಿ.

ಅಮ್ಮ ಕೆಳಗೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ಬುಟ್ಟಿಯಲ್ಲಿ ತುಂಬಿ ತರುವುದು, ಅವಳು ಒಂದೊಂದನ್ನೇ ಸೆರಗಿನಿಂದ ಒರೆಸಿ ನೋಡುವುದು. ಒಂದು ಕಾದಂಬರಿ ಕೈಗೆ ತಗೊಂಡು ತುಂಬಾ ಹೊತ್ತು ಇಟ್ಟುಕೊಂಡಿದ್ದಳು. "ಇದು ನಿಮ್ಮಪ್ಪ ನನಗೆ ಓದೋಕೆ ಅಂತ ತಂದುಕೊಟ್ಟಿದ್ದು ಕಣೇ. ಮದುವೆ ಆದ ವರ್ಷ. ನಾನು ಓದಲೇ ಇಲ್ಲ. ಆವಾಗ ಕೆಲಸ, ಆಮೇಲೆ ನೀವು ಹುಟ್ಟಿದ್ರಿ."

"ಹಾಗಾದ್ರೆ ಇಟ್ಕೊಳ್ಳಮ್ಮ" ಅಂದೆ.

"ಈಗ ಇಟ್ಕೊಂಡು ಏನು ಮಾಡಲಿ? ಇಷ್ಟು ಸಣ್ಣ ಅಕ್ಷರ ನನಗೆ ಕಾಣಲ್ಲ. ಯಾರಾದ್ರೂ ಓದೋರಿಗೆ ಕೊಡು. ತೂಕಕ್ಕೆ ಮಾತ್ರ ಹಾಕಬೇಡ."

ನಾನು ಓದಿ ಹೇಳುತ್ತೇನೆ ಅಂದೆ. ಬೇಡ ಅಂದಳು. ಅದು ಅವಳ ಇಪ್ಪತ್ತನೇ ವಯಸ್ಸಿಗೆ ಬಂದ ಪುಸ್ತಕ, ಆ ವಯಸ್ಸಿನವರಿಗೇ ಹೋಗಲಿ ಅಂತ ಅವಳ ಆಸೆ. ಹಳೆಯದನ್ನು ಬಿಡುವ ವಿಷಯದಲ್ಲಿ ನಾನು ಓದಿದ ಯಾವ ಸಲಹೆಗಿಂತಲೂ ಇದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಇದರಿಂದ ನನಗೆ ಖುಷಿ ಆಗುತ್ತದಾ, ಬೇಕಾ ಬೇಡವಾ ಅಂತ ನನ್ನನ್ನೇ ಕೇಳಿಕೊಳ್ಳುವ ಬದಲು, ಇದು ಯಾರಿಗೆ ಹೋಗಬೇಕು ಅಂತ ಕೇಳತೊಡಗಿದೆ. ಕೆಲಸ ನಿಧಾನವಾಯಿತು. ಆದರೆ ಮನಸ್ಸಿನ ಭಾರ ಕಡಿಮೆಯಾಯಿತು.

ಕಾಗದಕ್ಕೂ ಆಯಸ್ಸಿದೆ

ಇಟ್ಟರೆ ಉಳಿಯುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಅಟ್ಟವೇ ಸುಳ್ಳು ಮಾಡುತ್ತದೆ. ಅಜ್ಜಿಯ ಧಾರಾವಾಹಿಗಳನ್ನು ಬಿಚ್ಚಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಪತ್ರಿಕೆಯ ಕಾಗದ ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದಲ್ಲಿರುವ ಲಿಗ್ನಿನ್ ಅನ್ನುವ ಅಂಶ ಅದರಲ್ಲಿ ಹಾಗೇ ಉಳಿದಿರುತ್ತದೆ. ಗಾಳಿ, ಬೆಳಕು ತಾಗುತ್ತಾ ಹೋದಂತೆ ಅದು ಹಳದಿಯಾಗುತ್ತದೆ. ಕಾಗದದಲ್ಲೇ ಇರುವ ಆಮ್ಲ ನಾರನ್ನು ತುಂಡು ತುಂಡು ಮಾಡುತ್ತದೆ. ನಮಗೆ ಇಷ್ಟವಾಗುವ ಹಳೇ ಪುಸ್ತಕದ ವಾಸನೆ ಇದೆಯಲ್ಲ, ಅದು ಕಾಗದ ಸವೆಯುವಾಗ ಬರುವ ವಾಸನೆಯೇ. ಮೇಲೆ ತಾರಸಿಯ ಬಿಸಿ, ಮಳೆಗಾಲದಲ್ಲಿ ತೇವ. ರಟ್ಟಿಗೆ ಬಳಿದ ಮೈದಾ ಅಂಟನ್ನು ತಿನ್ನಲು ಬೆಳ್ಳಿ ಬಣ್ಣದ ಸಣ್ಣ ಹುಳುಗಳು ಬರುತ್ತವೆ. ಗೋಣಿಚೀಲ ಗೋಡೆಗೆ ತಾಗಿದ್ದ ಕಡೆ ಗೆದ್ದಲು. ನುಸಿ ಗುಳಿಗೆ ಹಾಕಿದರೆ ಹುಳು ದೂರ ಇರಬಹುದು, ಆಮ್ಲಕ್ಕೆ ಅದು ಏನೂ ಮಾಡುವುದಿಲ್ಲ. ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದ ಹಳೆಯ ಕಾಗದ ಇದಕ್ಕಿಂತ ಗಟ್ಟಿ. ತಾತನ ಆ ಪತ್ರ ಈಗಲೂ ಮಡಚಿದರೆ ಮುರಿಯುವುದಿಲ್ಲ. ಅದಕ್ಕಿಂತ ಎಷ್ಟೋ ಈಚಿನ ನನ್ನ ಗೈಡು ಮುರಿಯುತ್ತದೆ.

ಅಂದರೆ ನಾವು ನಿರ್ಧಾರ ಮಾಡದೆ ಕೂತರೂ ಅಟ್ಟದಲ್ಲಿ ನಿರ್ಧಾರ ಆಗುತ್ತಲೇ ಇರುತ್ತದೆ. ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಓಲೆಗರಿ ಹಾಳಾಗುತ್ತಾ ಬಂದಾಗ ಹೊಸ ಗರಿಗೆ ನಕಲು ಮಾಡುತ್ತಿದ್ದರು, ಸವೆದದ್ದನ್ನು ಹೊಳೆಗೆ ಬಿಡುತ್ತಿದ್ದರು. ಮರ್ಯಾದೆಯಿಂದ ಕಳಿಸಿಕೊಡುವ ಪದ್ಧತಿ ನಮ್ಮಲ್ಲೇ ಇತ್ತು. ಅಲ್ಲಿ ಮುಖ್ಯವಾದದ್ದು ಬರಹ, ಗರಿಯಲ್ಲ. ನಾವು ನಕಲು ಮಾಡುವುದನ್ನೂ ಬಿಟ್ಟೆವು, ಹೊಳೆಗೆ ಬಿಡುವುದನ್ನೂ ಬಿಟ್ಟೆವು. ಕೈ ಮುಗಿಯುವುದೊಂದನ್ನು ಉಳಿಸಿಕೊಂಡೆವು.

ಅತ್ತಿಮಬ್ಬೆಯ ಕಥೆ ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ದಾನಚಿಂತಾಮಣಿ ಅನ್ನುವ ಹೆಸರು ಬಾಯಿಪಾಠ ಮಾಡಿದ್ದೇವೆ. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ ಅವಳು ಮಾಡಿದ್ದೇನು? ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಸಾವಿರ ಪ್ರತಿ ಬರೆಸಿ ಹಂಚಿದಳು. ಸಾವಿರ ವರ್ಷದ ಹಿಂದೆ, ಒಂದೊಂದು ಅಕ್ಷರವನ್ನೂ ಕಂಠ ಅನ್ನುವ ಕಬ್ಬಿಣದ ಕಡ್ಡಿಯಿಂದ ಗರಿಯ ಮೇಲೆ ಕೊರೆಯಬೇಕಾಗಿದ್ದ ಕಾಲದಲ್ಲಿ. ಚಿಕ್ಕವಳಿದ್ದಾಗ ಇದು ಬರೀ ದಾನದ ಕಥೆ ಅಂದುಕೊಂಡಿದ್ದೆ. ಈಗ ಓದಿದರೆ ಪುಸ್ತಕ ಉಳಿಸುವ ಉಪಾಯದ ಕಥೆ ಅನ್ನಿಸುತ್ತದೆ. ಬೇರೆ ಬೇರೆ ಕೈಗಳಲ್ಲಿ ಇದ್ದರೆ ಒಂದು ಮನೆ ಸುಟ್ಟರೂ, ಒಂದು ಅಟ್ಟಕ್ಕೆ ಗೆದ್ದಲು ಹಿಡಿದರೂ ಇನ್ನೊಂದು ಕಡೆ ಇರುತ್ತದೆ.

ಬೇರೆ ಸಾಮಾನಿನ ವಿಷಯದಲ್ಲಿ ನಾವು ಇಷ್ಟು ಕಷ್ಟಪಡುವುದಿಲ್ಲ ನೋಡಿ. ನಮ್ಮ ಮನೆಯ ತೊಟ್ಟಿಲು ನಮ್ಮ ಮನೆಯಲ್ಲಿ ಇದ್ದದ್ದೇ ಕಡಿಮೆ. ಅದರಲ್ಲಿ ನಾನು ಮಲಗಿದ್ದೇನೆ, ತಮ್ಮ ಮಲಗಿದ್ದಾನೆ, ಚಿಕ್ಕಮ್ಮನ ಮಕ್ಕಳು ಮಲಗಿದ್ದಾರೆ. ಈಗ ತಿಪಟೂರಿನ ಸೋದರತ್ತೆ ಮನೆಯಲ್ಲಿ ಮೊಮ್ಮಗುವಿಗೆ ಕಟ್ಟಿದ್ದಾರೆ. ಅದನ್ನು ಕಳಿಸುವಾಗ ಯಾರೂ ಅಳಲಿಲ್ಲ. ನೆನಪು ಅದರಲ್ಲಿ ಕಡಿಮೆ ಇದೆ ಅಂತ ಅಲ್ಲ. ಅಲ್ಲೊಂದು ಮಗು ಮಲಗುತ್ತದೆ ಅಂತ ಗೊತ್ತಿತ್ತು, ಅಷ್ಟೇ. ಪುಸ್ತಕಕ್ಕೂ ಹಾಗೊಬ್ಬರು ಕಣ್ಣೆದುರು ಇದ್ದರೆ ಕೊಡುವುದು ಕಷ್ಟವಾಗುವುದಿಲ್ಲ.

ಯಾರು ತಗೊಳ್ಳುತ್ತಾರೆ

ಎಲ್ಲರಿಗೂ ಮೊದಲು ಹೊಳೆಯುವುದು ಲೈಬ್ರರಿ. ನನಗೂ ಹಾಗೇ ಹೊಳೆಯಿತು. ಒಂದು ಗ್ರಂಥಾಲಯಕ್ಕೆ ಪಟ್ಟಿ ಮಾಡಿಕೊಂಡು ಹೋದೆ. ಅಲ್ಲಿನವರು ಕೂರಿಸಿ ಮಾತಾಡಿಸಿದರು. "ಮೇಡಂ, ಜನ ಸತ್ಯನಾರಾಯಣ ಪೂಜೆಗೆ ಮುಂಚೆ ಮನೆ ಕ್ಲೀನ್ ಮಾಡಿ ಇಲ್ಲಿಗೆ ತರ್ತಾರೆ. ಹತ್ತು ವರ್ಷದ ಹಿಂದಿನ ಗೈಡು, ಹರಿದ ಪಠ್ಯಪುಸ್ತಕ. ಅದನ್ನ ನಾನು ಎಲ್ಲಿ ಇಡಲಿ?" ಅಂದರು. ಅವರ ಸುತ್ತ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಒಂದು ಕುರ್ಚಿಯನ್ನೂ ಬಿಡದೆ ಕೂತಿದ್ದರು. ಅವರಿಗೆ ಬೇಕಾದದ್ದು ಜಾಗ, ಬೆಳಕು, ಈ ವರ್ಷದ ಪುಸ್ತಕ. ನಮ್ಮ ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡು ನನ್ನ ಅಟ್ಟದ ಗೈಡುಗಳಿಗೆ ಕಪಾಟು ಮಾಡಿಸಲು ಅಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ತೀರಿಕೊಂಡ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದ್ದರು. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುವುದು ಆಮೇಲಿನ ಎರಡು. ಅಮ್ಮ ಹೇಳಿದ್ದು ಇದೇ ಅಲ್ವಾ? ಗೋಣಿಚೀಲ ತುಂಬಿ ಒಂದೇ ಕಡೆ ಸುರಿದು ಬಂದರೆ ಅದು ಕೊಟ್ಟ ಹಾಗಲ್ಲ. ನಮ್ಮ ಅಟ್ಟವನ್ನು ಇನ್ನೊಬ್ಬರ ತಲೆಯ ಮೇಲೆ ಇಟ್ಟ ಹಾಗೆ.

ಹಾಗಾಗಿ ಬಿಡಿಬಿಡಿಯಾಗಿ ಹೊರಟೆ. ಚಂದಮಾಮ ಮತ್ತು ಮಕ್ಕಳ ಕಥೆ ಪುಸ್ತಕಗಳು ನಮ್ಮ ಊರಿನ ಹತ್ತಿರದ ಪಂಚಾಯ್ತಿ ಲೈಬ್ರರಿಗೆ ಹೋದವು. ರಾಜ್ಯದ ಐದು ಸಾವಿರಕ್ಕೂ ಜಾಸ್ತಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅಲ್ಲಿಗೆ ಮಕ್ಕಳನ್ನು ಸೆಳೆಯುವ ಕೆಲಸ ಶುರುವಾಯಿತು. ಈಗ ಅರಿವು ಕೇಂದ್ರ ಅನ್ನುತ್ತಾರೆ. ನಾನು ತಗೊಂಡು ಹೋದದ್ದರಲ್ಲಿ ಅರ್ಧವನ್ನು ಅಲ್ಲಿಯ ಮೇಲ್ವಿಚಾರಕರು ವಾಪಸ್ ಕೊಟ್ಟರು. ಆರಿಸಿ ತಗೊಂಡರು ಅಂತ ನನಗೆ ಖುಷಿಯಾಯಿತು. ಬೇಕಾದದ್ದನ್ನು ಮಾತ್ರ ತಗೊಳ್ಳುವವರು ಅದನ್ನು ಮಕ್ಕಳ ಕೈಗೂ ಕೊಡುತ್ತಾರೆ.

ಕಾದಂಬರಿಗಳು ರೈಲು ಹತ್ತಿದವು. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವವರಿಗೆ ಬೆಳಗಿನ ಗಾಡಿ ಗೊತ್ತು. ಅದೇ ಬೋಗಿ, ಅದೇ ಸೀಟು, ಅದೇ ಮುಖಗಳು. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತದೆ. ನಾನು ಬ್ಯಾಗಿನಲ್ಲಿ ಒಂದು ಪುಸ್ತಕ ಹಾಕಿಕೊಂಡು ಹೋಗುವುದು, ಪರಿಚಯದವರ ಜೊತೆ ಮಾತಾಡುತ್ತಾ ಆ ಪುಸ್ತಕದ ಬಗ್ಗೆ ಹೇಳುವುದು. ಆಸೆಯಿಂದ ಕೇಳಿದವರಿಗೆ ಅಲ್ಲೇ ಕೊಟ್ಟುಬಿಡುವುದು. ಅಮ್ಮನ ಆ ಕಾದಂಬರಿ ಹೋದದ್ದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಗೆ. ಯಶವಂತಪುರದಲ್ಲಿ ಇಳಿದು ನೈಟ್ ಡ್ಯೂಟಿ, ಡೇ ಡ್ಯೂಟಿ ಅಂತ ಓಡಾಡುವವಳು. ಹದಿನೈದು ದಿನ ಬಿಟ್ಟು ಸಿಕ್ಕಾಗ "ಅಕ್ಕ, ಕೊನೆಯಲ್ಲಿ ಅವಳು ತವರಿಗೆ ವಾಪಸ್ ಹೋಗಬಾರದಿತ್ತು" ಅಂತ ಜಗಳವಾಡಿದಳು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಕಥೆಯ ಕೊನೆ ಅಮ್ಮನಿಗೆ ಗೊತ್ತಾದದ್ದು ಹೀಗೆ. ಅವಳೂ ಆ ಹುಡುಗಿಯ ಪರ ನಿಂತಳು.

ಎಲ್ಲವನ್ನೂ ಕೂಡಿಡುವ ಶಕ್ತಿ ಇರುವವರು ಬೇರೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದ ದಿನದಿಂದ ಪುಸ್ತಕ ಸೇರಿಸುತ್ತಾ ಬಂದು ಲಕ್ಷಾಂತರ ಪುಸ್ತಕಗಳ ಮನೆ ಕಟ್ಟಿದರು. ಅದರ ಬಾಗಿಲು ಎಲ್ಲರಿಗೂ ತೆರೆದಿದೆ. ನಮ್ಮ ಅಟ್ಟಕ್ಕೆ ಬಾಗಿಲೇ ಇರಲಿಲ್ಲ. ಗೈಡು, ಪಠ್ಯಪುಸ್ತಕಗಳನ್ನು ತೂಕಕ್ಕೇ ಹಾಕಿದೆ. ಸಿಲಬಸ್ ಬದಲಾದ ಮೇಲೆ ಅವನ್ನು ಯಾರೂ ಓದುವುದಿಲ್ಲ. ಅರೆದು ಮತ್ತೆ ಕಾಗದ ಮಾಡುತ್ತಾರೆ. ಇದನ್ನು ಅಮ್ಮನಿಗೆ ವಿವರಿಸಿದಾಗ ಒಪ್ಪಿದಳು.

ಅಪ್ಪನ ಡಬ್ಬಿ

ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ಎಚ್‌ಎಂಟಿ ವಾಚು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಆಮೇಲೆ ಇಲ್ಲಿಯ ಜಾಗ ಇಸ್ರೋಗೆ ಹೋಯಿತು. ಅಪ್ಪ ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು. ಆದರೂ ಆ ಸುದ್ದಿ ಬಂದ ದಿನ ಊಟ ಮಾಡಲಿಲ್ಲ. ಅವರ ಸ್ವಂತ ಸಾಮಾನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಸಣ್ಣ ಸಣ್ಣ ಸ್ಕ್ರೂಡ್ರೈವರುಗಳು, ಚಿಮಟಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸು, ಎಣ್ಣೆ ಹಾಕುವ ಸೂಜಿ. ಮನೆಗೆ ಬಂದ ಮೇಲೆ ನೆಂಟರ ವಾಚು ರಿಪೇರಿ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ನಾವು ಓಡಾಡುವ ಹಾಗಿಲ್ಲ. ಒಂದು ಸ್ಕ್ರೂ ಹಾರಿದರೆ ಎಲ್ಲರೂ ಮೊಣಕಾಲೂರಿ ಹುಡುಕಬೇಕು.

ಪುಸ್ತಕ ಕೊಡುವುದಕ್ಕಿಂತ ಇದು ಕಷ್ಟವಾಯಿತು. ಆ ಡಬ್ಬಿಯ ಮುಚ್ಚಳ ತೆಗೆದರೆ ಅಪ್ಪನ ವಾಸನೆ. ಅದನ್ನು ಇಟ್ಟುಕೊಂಡರೆ ತಪ್ಪೇನು ಅಂತ ಎಷ್ಟೋ ರಾತ್ರಿ ಯೋಚಿಸಿದೆ. ಕೊನೆಗೆ ಪೇಟೆಯಲ್ಲಿ ಪುಟ್ಟ ಗೂಡಂಗಡಿ ಇಟ್ಟಿರುವ ವಾಚ್ ರಿಪೇರಿ ಯಜಮಾನರ ಹತ್ತಿರ ತಗೊಂಡು ಹೋದೆ. ಅವರು ಡಬ್ಬಿ ಬಿಚ್ಚಿದರು. ಒಂದು ಚಿಮಟ ಎತ್ತಿ ಬೆಳಕಿಗೆ ಹಿಡಿದು ತುದಿ ನೋಡಿದರು. "ಯಾರದ್ದಮ್ಮ ಇದು?" ಅಂದರು. ಹೇಳಿದೆ. "ನೋಡಿ, ತುದಿ ಇನ್ನೂ ಸಮ ಕೂರುತ್ತೆ. ಸಾಣೆ ಕೊಟ್ಟು ಕೊಟ್ಟು ಇಟ್ಕೊಂಡಿದ್ದಾರೆ. ಇಂಥದ್ದು ಈಗ ಎಲ್ಲಿ ಸಿಗುತ್ತೆ?" ಅಂತ ಅದೇ ಚಿಮಟದಲ್ಲಿ ಎದುರಿಗೆ ಬಿಚ್ಚಿಟ್ಟಿದ್ದ ವಾಚಿನ ಬ್ಯಾಲೆನ್ಸ್ ವೀಲ್ ಎತ್ತಿದರು. ಕೀ ಕೊಡುವ ಹಳೇ ವಾಚುಗಳನ್ನು ಈಗಿನ ಹುಡುಗರು ಹುಡುಕಿಕೊಂಡು ಬಂದು ರಿಪೇರಿ ಮಾಡಿಸುತ್ತಾರಂತೆ. ದುಡ್ಡು ಬೇಡ ಅಂದೆ. ಅವರು ಒಪ್ಪಲಿಲ್ಲ. "ಸುಮ್ನೆ ತಗೊಂಡ ಸಾಮಾನು ಕೈಗೆ ಹತ್ತಲ್ಲಮ್ಮ" ಅಂತ ಹನ್ನೊಂದು ರೂಪಾಯಿ ಕೈಗಿಟ್ಟರು. ಐಗ್ಲಾಸನ್ನು ಮಾತ್ರ ನಾನು ಇಟ್ಟುಕೊಂಡೆ. ಎಲ್ಲವನ್ನೂ ಕೊಡಲೇಬೇಕು ಅನ್ನುವ ಹಟ ನನಗಿಲ್ಲ.

ಅಚ್ಚಾದದ್ದು, ಕೈಯಲ್ಲಿ ಬರೆದದ್ದು

ಕೆಲಸ ಮಾಡುತ್ತಾ ಮಾಡುತ್ತಾ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಮನೆಗಳಲ್ಲಿ ಬೆಲೆ ಕಟ್ಟುವ ಕ್ರಮ ತಲೆಕೆಳಗಾಗಿದೆ. ದಪ್ಪ ರಟ್ಟಿನ ಪುಸ್ತಕ ಗಾಜಿನ ಬೀರುವಿನಲ್ಲಿ ಇರುತ್ತದೆ. ಅದರ ಸಾವಿರಾರು ಪ್ರತಿ ಬೇರೆ ಕಡೆ ಇವೆ. ಲೇಖಕರು ತೀರಿಕೊಂಡು ಅರವತ್ತು ವರ್ಷ ದಾಟಿದ್ದರೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅಂಥ ಎಷ್ಟೋ ಕನ್ನಡ ಪುಸ್ತಕಗಳನ್ನು ಜನ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ಓದಬಹುದು. ಆದರೆ ಅಪ್ಪನ ಫ್ಯಾಕ್ಟರಿಯವರು ರಾಜ್ಯೋತ್ಸವಕ್ಕೆ ತಂದಿದ್ದ ತೆಳು ಸಂಚಿಕೆ, ನಮ್ಮ ಊರ ಜಾತ್ರೆಯ ನಾಟಕದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಹೈಸ್ಕೂಲಿನ ಸ್ಮರಣ ಸಂಚಿಕೆ? ಇವು ಯಾವ ಲೈಬ್ರರಿಯಲ್ಲೂ ಸಿಗದೆ ಹೋಗಬಹುದು. ನಾಟಕದ ಕರಪತ್ರದಲ್ಲಿ ಹಾರ್ಮೋನಿಯಂ ಮಾಸ್ತರರ ಹೆಸರು ಇದೆ, ದುರ್ಯೋಧನನ ಪಾತ್ರ ಮಾಡಿದ ಕುಂಬಾರರ ಹೆಸರಿದೆ. ಗುಜರಿಗೆ ಮೊದಲು ಹೋಗುವುದು ಇಂಥವೇ.

ಅಪ್ಪನ ಲೆಕ್ಕದ ಡೈರಿಗಳನ್ನು ಇಟ್ಟುಕೊಂಡೆ. ಹಾಲು, ಸೀಮೆಎಣ್ಣೆ, ಸೈಕಲ್ ಪಂಕ್ಚರ್, ನನ್ನ ಸ್ಕೂಲ್ ಫೀಸು, ಊರಿಗೆ ಮನಿಯಾರ್ಡರ್. ಅಜ್ಜಿಯ ಕಟ್ಟುಗಳನ್ನೂ ಇಟ್ಟುಕೊಂಡೆ, ಕಾದಂಬರಿಗಾಗಿ ಅಲ್ಲ, ಅಂಚಿನಲ್ಲಿರುವ ಅವಳ ಅಕ್ಷರಕ್ಕಾಗಿ. ಮೊಬೈಲಿನಲ್ಲಿ ಪುಟ ಪುಟ ಫೋಟೋ ತೆಗೆದು ತಮ್ಮನಿಗೂ ಕಳಿಸಿದೆ. ಅವನು ರಾತ್ರಿಯೆಲ್ಲಾ ಓದಿ ಬೆಳಗ್ಗೆ ಫೋನ್ ಮಾಡಿದ. "ನನಗೆ ಟೈಫಾಯ್ಡ್ ಬಂದಿದ್ದ ತಿಂಗಳು ಅಪ್ಪ ಬೀಡಿ ಬಿಟ್ಟಿದ್ದಾರೆ ಕಣಕ್ಕ. ಲೆಕ್ಕದಲ್ಲಿ ಬೀಡಿ ಇಲ್ಲ" ಅಂದ.

ಕೈಬರಹ ಉಳಿಸಬೇಕು, ಬೇರೆ ಕಡೆ ಸಿಗುವ ಅಚ್ಚಿನ ಪುಸ್ತಕ ಬಿಡಬಹುದು ಅಂತ ನನ್ನ ಮಟ್ಟಿಗೆ ಒಂದು ದಾರಿ ಸಿಕ್ಕಿತ್ತು. ಅದನ್ನೂ ಅಮ್ಮ ಮುರಿದಳು. ಟ್ರಂಕಿನ ತಳದಲ್ಲಿ ಸೀರೆಯ ಅಂಚಿನಿಂದ ಕಟ್ಟಿದ ಇನ್‌ಲ್ಯಾಂಡ್ ಲೆಟರುಗಳ ಕಟ್ಟು ಇತ್ತು. ಅಪ್ಪ ಟ್ರೈನಿಂಗಿಗೆ ಹೋದಾಗ ಬರೆದದ್ದು, ಅವಳ ಅಕ್ಕ ಬರೆದದ್ದು. ನನ್ನ ಕೈಯಿಂದ ತಗೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಇದು ನಾನಿರೋವರೆಗೂ ಇರಲಿ. ಆಮೇಲೆ ಓದಬೇಡ ಕಣೇ. ಹಾಗೇ ಒಲೆಗೆ ಹಾಕಿಬಿಡು."

ನಾನು ವಾದ ಮಾಡಿದೆ. ಅಪ್ಪನ ಅಕ್ಷರ ಅಲ್ವಾ, ಮೊಮ್ಮಕ್ಕಳಿಗೆ ಬೇಡವಾ ಅಂತ. "ಮೊಮ್ಮಕ್ಕಳಿಗೆ ಡೈರಿ ಇದೆಯಲ್ಲ. ಇದು ನನಗೆ ಬರೆದದ್ದು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರಿಗೆ ಹೋಗಬೇಕು ಅಂತ ಪ್ರತಿ ವಸ್ತುವಿಗೂ ಕೇಳುತ್ತಾ ಬಂದವಳು ನಾನೇ. ಈ ಕಾಗದಗಳು ಹೋಗಬೇಕಾದ ಕಡೆಗೆ ಎಷ್ಟೋ ವರ್ಷದ ಹಿಂದೆಯೇ ಹೋಗಿ ಮುಟ್ಟಿವೆ. ಮಾತು ಕೊಟ್ಟಿದ್ದೇನೆ, ಓದುವುದಿಲ್ಲ. ಸತ್ತವರ ಪೆಟ್ಟಿಗೆ ಬಿಚ್ಚುವವರಿಗೆ ಯಾವುದು ಯಾರದ್ದು ಅಂತ ತಿಳಿಯುವುದಿಲ್ಲ. ಇದನ್ನು ಅಮ್ಮ ತಾನಿರುವಾಗಲೇ ಹೇಳಿದ್ದು ಒಳ್ಳೆಯದಾಯಿತು. ಅಪ್ಪನನ್ನು ಹೀಗೆ ಕೂರಿಸಿಕೊಂಡು ಕೇಳಲು ಆಗಲಿಲ್ಲ.

ರೂಮಿಗೆ ಈಗ ಪಾವಗಡದ ಇಬ್ಬರು ಹುಡುಗಿಯರು ಬಂದಿದ್ದಾರೆ. ಕರಪತ್ರ, ಸ್ಮರಣ ಸಂಚಿಕೆಗಳ ಪೆಟ್ಟಿಗೆ ನನ್ನ ಹತ್ತಿರ ಇದೆ. ಸರಿಯಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಹಾಕಬೇಕು, ಆಮೇಲೆ ಮೂಲ ಪ್ರತಿಗಳನ್ನು ಜೋಪಾನ ಮಾಡುವವರಿಗೆ ಕೊಡಬೇಕು. ತುಮಕೂರು, ಗುಬ್ಬಿ, ಸಿರಾ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮ್ಮ ಅಟ್ಟದಲ್ಲೂ ಒಮ್ಮೆ ನೋಡಿ. ಹಳೇ ನಾಟಕದ ಕರಪತ್ರ, ಫ್ಯಾಕ್ಟರಿಯ ಸಂಚಿಕೆ, ಸ್ಕೂಲಿನ ಮ್ಯಾಗಝೀನ್ ಸಿಕ್ಕರೆ ತೂಕಕ್ಕೆ ಹಾಕಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ಆದರೂ ತೆಗೆದಿಡಿ.